ಮಕ್ಕಳೆಲ್ಲರೂ ಆಟಕ್ಕುಂಟು

(ಸಂಘದ ರಜತ ಮಹೋತ್ಸವದ ಅಂಗವಾಗಿ ಕತ್ರಿಗುಪ್ಪೆಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ಉದ್ದುದ್ದ ಭಾಷಣ ಮಾಡೋದು ನನಗೆ ಬರೋದಿಲ್ಲ. ಇರುವುದು ಒಂದೇ ವಿಷಯ. ಅದನ್ನು ತಮ್ಮ ಮುಂದೆ ಇಟ್ಟು ಕೂತುಕೊಳ್ತೀನಿ.

ರಜತ ಮಹೋತ್ಸವದ ಕ್ರೀಡಾಕೂಟದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಕಬಡ್ಡಿ ಪಂದ್ಯಾವಳಿ ನಡೆಸಬೇಕು, ಮೊದಲ ಬಹುಮಾನ 50 ಸಾವಿರ ರೂಪಾಯಿ, ಎರಡನೇ ಬಹುಮಾನ 25 ಸಾವಿರ ರೂಪಾಯಿ, ಜೊತೆಗೆ ಆಳೆತ್ತರದ ಟ್ರೋಫಿ ಕೊಡಬೇಕು ಅಂತ ಒಂದು ಸಲಹೆ ಬಂದಿದೆ. ಸಲಹೆ ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಸಂಘದ ಹೆಸರು ನಾಲ್ಕೂರಿಗೆ ಗೊತ್ತಾಗಲಿ ಅನ್ನೋದು ಅವರ ಆಸೆ. ಪಂದ್ಯಾವಳಿ ನಡೆಯಲೇಬೇಕು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದರೆ ಈ ಹಣವನ್ನು ಗೆದ್ದ ಎರಡು ತಂಡಗಳ ಕೈಗೆ ಇಡುವ ಬದಲು, ಬಂದ ಮಕ್ಕಳೆಲ್ಲರೂ ಆಡುವಂತೆ ಖರ್ಚು ಮಾಡೋಣ ಅಂತ ತಮ್ಮಲ್ಲಿ ಕೇಳಿಕೊಳ್ಳಲು ನಿಂತಿದ್ದೇನೆ. ಯಾಕೆ ಅನ್ನೋದಕ್ಕೆ ಕಾರಣಗಳನ್ನು ಹೇಳ್ತೀನಿ, ಸರಿ ಅನ್ನಿಸಿದರೆ ಒಪ್ಪಿ, ಇಲ್ಲವಾದರೆ ಬಿಡಿ.

ನಮ್ಮಲ್ಲಿ ಒಂದು ಮಾತಿದೆ, "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ. ಈಗ ಅದನ್ನು ಬೈಗುಳದ ಹಾಗೆ ಬಳಸ್ತೀವಿ, ಕೆಲಸಕ್ಕೆ ಬಾರದವನು ಅನ್ನೋ ಅರ್ಥದಲ್ಲಿ. ಆದರೆ ಅದು ಹುಟ್ಟಿದ್ದು ಮಕ್ಕಳ ಆಟದಲ್ಲಿ. ಲಗೋರಿಯೋ, ಚಿನ್ನಿದಾಂಡೋ, ಮುಟ್ಟಾಟವೋ ನಡೆಯುವಾಗ ಯಾರದ್ದಾದರೂ ಪುಟ್ಟ ತಮ್ಮನೋ ತಂಗಿಯೋ ನಾನೂ ಬರ್ತೀನಿ ಅಂತ ಅಳುತ್ತಾ ನಿಲ್ಲೋದು. ಅದನ್ನು ಓಡಿಸುತ್ತಿರಲಿಲ್ಲ. "ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ತಿದ್ದರು. ಆ ಮಗು ಔಟಾದರೂ ಔಟಿಲ್ಲ. ಓಡ್ತಾ, ಬೀಳ್ತಾ, ನೋಡ್ತಾ ಎರಡು ವರ್ಷದಲ್ಲಿ ತಾನೇ ಲೆಕ್ಕಕ್ಕೂ ಬರ್ತಿತ್ತು. ಯಾವ ಕೋಚೂ ಹೇಳಿಕೊಡದೆ ನಮ್ಮ ಮಕ್ಕಳೇ ಮಾಡಿಕೊಂಡಿದ್ದ ವ್ಯವಸ್ಥೆ ಅದು. ಚಿಕ್ಕವರನ್ನು, ಕೈಲಾಗದವರನ್ನು ಹೊರಗಿಡದೆ ಆಟ ಕಲಿಸೋದು ಹೇಗೆ ಅನ್ನೋದು ಅವಕ್ಕೆ ಗೊತ್ತಿತ್ತು.

ಈಗ ಇದು ತಿರುವುಮುರುವಾಗಿದೆ. ಇವತ್ತಿನ ಎಷ್ಟೋ ಮಕ್ಕಳು ಲೆಕ್ಕಕ್ಕುಂಟು, ಆಟಕ್ಕಿಲ್ಲ! ಪಟ್ಟಿಯಲ್ಲಿ ಹೆಸರಿರುತ್ತೆ, ಫೀಸು ಕಟ್ಟಿರ್ತಾರೆ, ಬೆನ್ನ ಮೇಲೆ ನಂಬರಿರುವ ಬನಿಯನ್ನೂ ಹಾಕಿರ್ತಾರೆ. ಆದರೆ ಆಟ ಶುರುವಾದ ಮೇಲೆ ಗೆರೆಯಾಚೆ ಕೂತು ನೀರಿನ ಬಾಟಲಿ ಕಾಯ್ತಾ ಇರ್ತಾರೆ. ಯಾಕೆಂದರೆ ಗೆಲ್ಲಬೇಕಲ್ಲ, ಚೆನ್ನಾಗಿ ಆಡುವ ಏಳು ಜನರನ್ನು ಹೊರಗೆ ಕರೆಯಲು ಯಾರಿಗೂ ಧೈರ್ಯವಿಲ್ಲ.

ಈ ಭಾಗದ ಒಂದು ಪಂದ್ಯಾವಳಿಯಲ್ಲಿ ನಾನೇ ಕಣ್ಣಾರೆ ನೋಡಿದೆ. 12 ವರ್ಷದ ಒಬ್ಬ ಹುಡುಗ, ನಮ್ಮ ಸದಸ್ಯರೊಬ್ಬರ ಮಗ. ಅವನ ತಂಡ ಮೂರು ಪಂದ್ಯ ಆಡಿ ಮೂರನ್ನೂ ಗೆದ್ದು ಕಪ್ಪು ಎತ್ತಿತು. ಇವನು ಒಂದು ನಿಮಿಷವೂ ಅಂಕಣಕ್ಕೆ ಇಳಿಯಲಿಲ್ಲ. ಫೋಟೋ ತೆಗೆಯುವಾಗ "ನೀನೂ ಬಾರೋ, ಗೆದ್ದಿದ್ದೀಯಲ್ಲ" ಅಂತ ಯಾರೋ ಕರೆದರು. "ನಾನೆಲ್ಲಿ ಆಡಿದೆ ಮಾವ?" ಅಂದ. ಮುಂದಿನ ತಿಂಗಳಿಂದ ಅಭ್ಯಾಸಕ್ಕೆ ಬರೋದನ್ನೇ ಬಿಟ್ಟ. ಸೋತು ಬಿಟ್ಟವನಲ್ಲ ಅವನು, ಗೆದ್ದ ತಂಡದಲ್ಲಿದ್ದೇ ಆಟ ಬಿಟ್ಟವನು. ಅವನ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಬೇಕು.

ನಮ್ಮ ಊರಿನ ಸ್ಥಿತಿಯನ್ನೂ ಸ್ವಲ್ಪ ನೋಡಿ. ಕತ್ರಿಗುಪ್ಪೆ ಅಂದರೆ ಬೆಂಗಳೂರು ದಕ್ಷಿಣ ತಾಲ್ಲೂಕು ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿ. ಹಿರಿಯರ ಕಾಲಕ್ಕೆ ರಾಗಿ ಒಕ್ಕಣೆ ಮುಗಿದ ಮೇಲೆ ಕಣವೇ ಕಬಡ್ಡಿ ಅಂಕಣ. ಆಮೇಲೆ ಹೊಲಗಳು ಬನಶಂಕರಿ 3ನೇ ಹಂತದ ಬಡಾವಣೆಯಾದವು. ನಾವು ಹುಡುಗರಾಗಿದ್ದಾಗ ಕಟ್ಟದೇ ಬಿಟ್ಟಿದ್ದ ಖಾಲಿ ಸೈಟುಗಳಿದ್ದವು, ಮೂರು ಕಡ್ಡಿ ನೆಟ್ಟರೆ ಕ್ರಿಕೆಟ್ ಮೈದಾನ. ಈಗ ಆ ಸೈಟುಗಳಲ್ಲೂ ಮೂರು ನಾಲ್ಕು ಅಂತಸ್ತಿನ ಮನೆ ಎದ್ದಿವೆ. ರಸ್ತೆಯ ಎರಡೂ ಬದಿಗೆ ಕಾರು. ಪಾರ್ಕಿಗೆ ಹೋದರೆ ಆಟ ಆಡಬಾರದು ಅಂತ ಬೋರ್ಡು. ಹೊಲ ಹೋಗಿದ್ದಕ್ಕೆ ನಮಗೆಲ್ಲ ಒಂದಷ್ಟು ಪರಿಹಾರವಾದರೂ ಬಂತು, ಕಣ ಹೋಗಿದ್ದಕ್ಕೆ ಮಕ್ಕಳಿಗೆ ಏನೂ ಬರಲಿಲ್ಲ.

ಹೀಗಾಗಿ ಈಗ ಆಟ ಆಡಬೇಕು ಅಂದರೆ ದುಡ್ಡು ಕೊಟ್ಟು ಸೇರಬೇಕು. ದುಡ್ಡು ಕೊಟ್ಟ ಮೇಲೆ ತಂದೆತಾಯಿ ಫಲ ಕೇಳ್ತಾರೆ, ಅದು ಸಹಜ. ಗೊಬ್ಬರ ಹಾಕಿದವನು ಇಳುವರಿ ಕೇಳಲ್ಲವೇ? ಆದರೆ ಮಗು ಹೈಬ್ರಿಡ್ ಬೀಜ ಅಲ್ಲ, 110 ದಿವಸಕ್ಕೆ ಕಟಾವಿಗೆ ಬರಲಿ ಅನ್ನೋದಕ್ಕೆ.

ಈಗ ಪಂದ್ಯಾವಳಿಯ ಲೆಕ್ಕಕ್ಕೆ ಬರೋಣ. ಇಟ್ಟಮಡು, ಚಿಕ್ಕಲ್ಲಸಂದ್ರ, ಹೊಸಕೆರೆಹಳ್ಳಿ, ಕದಿರೇನಹಳ್ಳಿ ಎಲ್ಲ ಕಡೆಯಿಂದ ಒಟ್ಟು 16 ತಂಡ ಬರ್ತವೆ ಅಂತ ಇಟ್ಟುಕೊಳ್ಳಿ. ನಾವು ಯಾವಾಗಲೂ ನಡೆಸೋದು ನಾಕೌಟ್ ಪದ್ಧತಿ, ಸೋತವರು ಮನೆಗೆ. 16 ತಂಡಕ್ಕೆ ಒಟ್ಟು 15 ಪಂದ್ಯ. ಮೊದಲ ಸುತ್ತಿಗೇ 8 ತಂಡ ಹೊರಗೆ. ಅಂದರೆ ಬಂದ ಮಕ್ಕಳಲ್ಲಿ ಅರ್ಧ ಜನ ಬೆಳಿಗ್ಗೆ ಆರಕ್ಕೆ ಎದ್ದು, ತಿಂಡಿ ಬಿಟ್ಟು ಬಂದು, ಒಂದೇ ಒಂದು ಪಂದ್ಯ ಆಡಿ ವಾಪಸ್ಸು ಹೋಗ್ತಾರೆ. ಅದರಲ್ಲೂ ಬದಲಿ ಆಟಗಾರರು ಅದನ್ನೂ ಆಡಿರಲ್ಲ. ಯಾವ ಮಕ್ಕಳಿಗೆ ಆಟದ ಅಭ್ಯಾಸ ಕಡಿಮೆಯೋ ಅವರಿಗೇ ಕಡಿಮೆ ಆಟ, ಚೆನ್ನಾಗಿ ಆಡುವವರಿಗೇ ಹೆಚ್ಚು ಆಟ. ನೀರು ಹೋಗದ ಪಾತಿಗೇ ನೀರು ಬಿಡದಂತೆ ಆಯಿತು ಇದು.

ಇದೇ 16 ತಂಡವನ್ನು ನಾಲ್ಕು ನಾಲ್ಕರ ನಾಲ್ಕು ಗುಂಪು ಮಾಡಿ. ಗುಂಪಿನಲ್ಲಿ ಪ್ರತಿ ತಂಡವೂ ಉಳಿದ ಮೂರರ ಜೊತೆ ಆಡುತ್ತೆ. ಗುಂಪಿಗೆ 6 ಪಂದ್ಯ, ಒಟ್ಟು 24. ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್, ಎಲ್ಲ ಸೇರಿ 27. ಎಲ್ಲರಿಗಿಂತ ಕೊನೆಗೆ ಬಂದ ತಂಡಕ್ಕೂ ಮೂರು ಪಂದ್ಯ ಗ್ಯಾರಂಟಿ. ಬೆಳಿಗ್ಗೆ ಸೋತವರು ಮಧ್ಯಾಹ್ನ ತಿದ್ದಿಕೊಂಡು ಆಡಬಹುದು. ಹತ್ತು ಹತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು ಅಂದರೆ ಪಂದ್ಯಕ್ಕೆ 25 ನಿಮಿಷ. 24 ಪಂದ್ಯಕ್ಕೆ ಹತ್ತು ಗಂಟೆ. ಎರಡು ಅಂಕಣ ಹಾಕಿದರೆ ಐದೇ ಗಂಟೆ. ಎರಡು ಭಾನುವಾರದಲ್ಲಿ ಆರಾಮಾಗಿ ಮುಗಿಯುತ್ತೆ.

ಬದಲಿ ಆಟಗಾರರ ವಿಷಯಕ್ಕೂ ಲೆಕ್ಕ ಇದೆ. ಕಬಡ್ಡಿ ತಂಡದಲ್ಲಿ 12 ಮಕ್ಕಳು, ಅಂಕಣದಲ್ಲಿ 7 ಜನ. ಎರಡು ಅವಧಿಗೆ 14 ಸ್ಥಾನ. ಹನ್ನೆರಡು ಮಕ್ಕಳಿಗೂ ಒಂದೊಂದು ಅವಧಿ ಕೊಟ್ಟು ಇನ್ನೂ ಎರಡು ಸ್ಥಾನ ಮಿಗುತ್ತೆ. ಅದನ್ನು ಬೇಕಾದರೆ ಚೆನ್ನಾಗಿ ಆಡುವ ಇಬ್ಬರಿಗೆ ಕೊಡಿ. ಪ್ರತಿ ಮಗುವೂ ಒಂದು ಅವಧಿ ಆಡಲೇಬೇಕು ಅಂತ ನಿಯಮ ಮಾಡಿದರೆ ಎಲ್ಲ ತಂಡಕ್ಕೂ ಅದೇ ನಿಯಮ, ಯಾರಿಗೂ ಅನ್ಯಾಯವಿಲ್ಲ.

ಕ್ರಿಕೆಟ್ಟಿಗೂ ದಾರಿ ಇದೆ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿಗೆ ಜೋಡಿ ಕ್ರಿಕೆಟ್ ಆಡಿಸ್ತಾರೆ. ಎಂಟು ಮಕ್ಕಳ ತಂಡ, ನಾಲ್ಕು ಜೋಡಿ. ಒಂದೊಂದು ಜೋಡಿಗೆ ನಾಲ್ಕು ಓವರು. ಔಟಾದರೆ ತಂಡದ ರನ್ನಿನಲ್ಲಿ ಐದು ಕಳೀತಾರೆ ಅಷ್ಟೆ, ಹುಡುಗ ತನ್ನ ನಾಲ್ಕು ಓವರು ಮುಗಿಯುವವರೆಗೂ ಅಲ್ಲೇ ಇರ್ತಾನೆ. 16 ಓವರನ್ನು ಎಂಟು ಮಕ್ಕಳು ಎರಡೆರಡರಂತೆ ಹಾಕ್ತಾರೆ. ಎಲ್ಲರೂ ಹೊಡೆದರು, ಎಲ್ಲರೂ ಎಸೆದರು. ಕೊನೆಗೆ ಒಂದು ತಂಡ ಗೆಲ್ಲುತ್ತೆ, ಒಂದು ಸೋಲುತ್ತೆ. ಇದು ನಮ್ಮ "ಆಟಕ್ಕುಂಟು ಲೆಕ್ಕಕ್ಕಿಲ್ಲ"ದ ತಮ್ಮನೇ ಅಲ್ಲವೇ?

ಇನ್ನು ದೊಡ್ಡ ಬಹುಮಾನದ ಕೇಡು. ಬಹುಮಾನ ದೊಡ್ಡದಾದಷ್ಟೂ ಹುಡುಗರ ವಯಸ್ಸು ಕಡಿಮೆಯಾಗುತ್ತೆ! ಮೀಸೆ ಚಿಗುರಿದವನು 14ರ ಒಳಗಿನವನು ಅಂತ ಬಂದು ನಿಲ್ತಾನೆ. ಐದನೇ ಕ್ಲಾಸಿನ ಹುಡುಗನ ಮೇಲೆ ಅವನು ಬಿದ್ದರೆ ಭುಜ ಉಳಿಯುತ್ತಾ? ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರು 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟಾಗ ಇದೇ ವಿಷಯ ಎತ್ತಿದರು. ವಯಸ್ಸು ಮುಚ್ಚಿಟ್ಟು ಆಡೋದಕ್ಕೂ ಭ್ರಷ್ಟಾಚಾರಕ್ಕೂ ಏನು ವ್ಯತ್ಯಾಸ ಅನ್ನುವ ಅರ್ಥದಲ್ಲಿ ಕಟುವಾಗಿಯೇ ಹೇಳಿದರು. ಸರಿಯಾದ ವಯಸ್ಸಿನ ಪ್ರಾಮಾಣಿಕ ಹುಡುಗ ಅವಕಾಶ ಕಳೆದುಕೊಳ್ತಾನೆ ಅನ್ನೋದು ಅವರ ಕಳಕಳಿ. ಭಾರತ ಕ್ರಿಕೆಟ್ ಮಂಡಳಿಯವರು ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಪರೀಕ್ಷೆ ಮಾಡ್ತಾರೆ. ಅಷ್ಟು ಮಾಡುವ ಶಕ್ತಿ ನಮಗಿಲ್ಲ. ಸುಳ್ಳು ಹೇಳಿದರೂ ಸಿಗೋದು ಏನೂ ಇಲ್ಲ ಅಂತ ಮಾಡಿಬಿಟ್ಟರೆ ಸುಳ್ಳು ಹೇಳೋರು ಕಡಿಮೆಯಾಗ್ತಾರೆ. ಅದು ನಮ್ಮ ಕೈಲಿದೆ.

ಮಕ್ಕಳ ಮೈ ಬಗ್ಗೆಯೂ ಒಂದು ಮಾತು. ನಾವೆಲ್ಲ ಎತ್ತು ಕಟ್ಟಿದ ಮನೆಯವರು. ಹಲ್ಲು ಹಾಕದ ಹೋರಿಗೆ ಯಾರಾದರೂ ನೊಗ ಹೂಡ್ತಾರಾ? ಹೂಡಿದರೆ ಹೆಗಲು ಹೋಗುತ್ತೆ ಅಂತ ಓದು ಬರಹ ಬಾರದ ಅಜ್ಜನಿಗೂ ಗೊತ್ತಿತ್ತು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆತ್ತನೆಯ ಭಾಗ ಇರುತ್ತೆ. ಒಂದೇ ಆಟ, ಒಂದೇ ಬಗೆಯ ಎಸೆತ, ಬಿಡುವಿಲ್ಲದೆ ವರ್ಷವಿಡೀ ಮಾಡಿಸಿದರೆ ಅಲ್ಲೇ ಪೆಟ್ಟಾಗೋದು. ಅದಕ್ಕೇ ಇಂಗ್ಲೆಂಡಿನವರು ವೇಗದ ಬೌಲಿಂಗ್ ಮಾಡುವ ಹುಡುಗ ಒಂದು ಸಲಕ್ಕೆ ಎಷ್ಟು ಓವರು, ದಿನಕ್ಕೆ ಎಷ್ಟು ಓವರು ಹಾಕಬಹುದು ಅಂತ ವಯಸ್ಸಿನ ಪ್ರಕಾರ ಮಿತಿ ಇಟ್ಟಿದ್ದಾರೆ. ಕಪ್ಪು ಗೆಲ್ಲುವ ಆತುರದಲ್ಲಿ ಇರುವ ಒಬ್ಬನೇ ಒಳ್ಳೆ ಬೌಲರಿನ ಕೈಲಿ ಬೆಳಿಗ್ಗೆಯಿಂದ ಸಂಜೆವರೆಗೆ ಹಾಕಿಸೋದು ನಮ್ಮಲ್ಲಿ ಇನ್ನೂ ನಡೀತಾ ಇದೆ.

ಈಗ ತಾವು ಕೇಳಬಹುದು, "ಎಲ್ಲರಿಗೂ ಚಾನ್ಸು ಅಂತ ಕೂತರೆ ಚಾಂಪಿಯನ್ನು ಹುಟ್ಟೋದು ಹೇಗಪ್ಪಾ? ಬಡವರ ಮಕ್ಕಳಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸಿನಲ್ಲೋ ರೈಲ್ವೆಯಲ್ಲೋ ಕೆಲಸ ಸಿಗಬೇಡವೇ?" ನ್ಯಾಯವಾದ ಪ್ರಶ್ನೆ. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹೆಣ್ಣುಮಗಳು ಚೈತ್ರ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊಟ್ಟಮೊದಲ ಖೋಖೋ ವಿಶ್ವಕಪ್ಪಿನಲ್ಲಿ ಆಡಿದರು, ನಮ್ಮ ಮಹಿಳಾ ತಂಡ ಗೆದ್ದಿತು. ಹಳ್ಳಿಯಿಂದ ವಿಶ್ವಕಪ್ಪಿಗೆ ಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಗೆಲ್ಲೋದು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಗೆಲ್ಲಬೇಕು ಅಂತ ಆಡದಿದ್ದರೆ ಅದು ಆಟವೇ ಅಲ್ಲ. ಆದರೆ ಯಾರು ದೊಡ್ಡ ಆಟಗಾರರಾಗ್ತಾರೆ ಅಂತ 11, 12 ವರ್ಷಕ್ಕೆ ಯಾರಿಗೆ ತಿಳಿಯುತ್ತೆ? ಬೇಗ ಬೆಳೆದ ಹುಡುಗ ಆ ವಯಸ್ಸಿಗೆ ಗೆಲ್ತಾನೆ. ನಿಧಾನಕ್ಕೆ ಬೆಳೆಯುವವನು 17ಕ್ಕೆ ಅವನನ್ನು ಮೀರಿಸಬಹುದು, ಆದರೆ ಅಲ್ಲಿಯವರೆಗೆ ಅವನು ಆಟದಲ್ಲಿ ಉಳಿದಿರಬೇಕಲ್ಲ. ಹೆಚ್ಚು ಮಕ್ಕಳು ಹೆಚ್ಚು ವರ್ಷ ಉಳಿದರೆ ಚಾಂಪಿಯನ್ನು ಸಿಗುವ ಸಾಧ್ಯತೆಯೂ ಹೆಚ್ಚು.

ನಾರ್ವೆ ಅಂತ ಒಂದು ದೇಶ. ಜನಸಂಖ್ಯೆ ಸುಮಾರು 55 ಲಕ್ಷ, ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಲ್ಲಿಯ ಕ್ರೀಡಾ ಒಕ್ಕೂಟ 1987ರಿಂದ ಮಕ್ಕಳ ಆಟಕ್ಕೆ ನಿಯಮ ಮಾಡಿಕೊಂಡಿದೆ. ಈಗಿನ ನಿಯಮದಂತೆ 11 ತುಂಬುವ ವರ್ಷದವರೆಗೆ ಮಕ್ಕಳ ಪಂದ್ಯಕ್ಕೆ ಅಂಕಪಟ್ಟಿ, ಶ್ರೇಯಾಂಕ ಇಡುವಂತಿಲ್ಲ. 13 ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಬಹುಮಾನ ಕೊಟ್ಟರೆ ಎಲ್ಲ ಮಕ್ಕಳಿಗೂ ಕೊಡಬೇಕು. ಇಷ್ಟು ಮೆತ್ತಗೆ ಮಾಡಿದರೆ ಮಕ್ಕಳು ಸೋಮಾರಿಗಳಾದರೇ? 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅವರು 39 ಪದಕ ಗೆದ್ದು ಎಲ್ಲ ದೇಶಕ್ಕಿಂತ ಮುಂದಿದ್ದರು. 2022ರಲ್ಲಿ 16 ಚಿನ್ನ, ಆಗಲೂ ಅವರೇ ಮೊದಲು. ಅವರಿಗೆ ಹಿಮ ಇದೆ, ಹಣ ಇದೆ, ಅದೂ ಕಾರಣ ನಿಜ. ಆದರೆ ಮಕ್ಕಳನ್ನು ನಗುನಗುತ್ತಾ ಆಡಲು ಬಿಟ್ಟರೆ ದೇಶ ಸೋಲುತ್ತೆ ಅನ್ನೋದಂತೂ ಸುಳ್ಳಾಯಿತು.

ಅಷ್ಟು ದೂರ ಯಾಕೆ, ನಮ್ಮವರನ್ನೇ ನೋಡಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ಆಗ ನಾಯಕ ಪಟೌಡಿಯವರು ಬೈಯಲಿಲ್ಲ, ಚಿಂತೆ ಮಾಡಬೇಡ ಅಂತ ಧೈರ್ಯ ಹೇಳಿದರು ಅಂತ ವಿಶ್ವನಾಥ್ ಅವರೇ ಹೇಳಿಕೊಂಡಿದ್ದಾರೆ. ಎರಡನೇ ಇನ್ನಿಂಗ್ಸಿನಲ್ಲಿ 137 ರನ್ನು! ಎರಡನೇ ಇನ್ನಿಂಗ್ಸ್ ಇದ್ದದ್ದರಿಂದ ತಾನೇ ವಿಶ್ವನಾಥ್ ಅಂತ ಒಬ್ಬರು ನಮಗೆ ಸಿಕ್ಕಿದ್ದು? ನಮ್ಮ ಮಕ್ಕಳಿಗೂ ಎರಡನೇ ಇನ್ನಿಂಗ್ಸ್ ಬೇಕು ಅನ್ನೋದೇ ನನ್ನ ಮಾತು.

ಅದೇ ವಿಶ್ವನಾಥ್ ಅವರ ಇನ್ನೊಂದು ಸಂಗತಿ, ಮಹೋತ್ಸವದ ಹೊತ್ತಿನಲ್ಲಿ ನೆನೆಯಲೇಬೇಕಾದದ್ದು. 1980ರ ಫೆಬ್ರವರಿಯಲ್ಲಿ ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆ ಬೊಂಬಾಯಿಯಲ್ಲಿ ಇಂಗ್ಲೆಂಡಿನ ಜೊತೆ ಒಂದು ಟೆಸ್ಟ್ ನಡೆಯಿತು. ವಿಶ್ವನಾಥ್ ನಾಯಕರು. ಇಂಗ್ಲೆಂಡು 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಒದ್ದಾಡ್ತಿತ್ತು. ಆಮೇಲೆ ಬಂದ ಬಾಬ್ ಟೇಲರ್ ಅವರನ್ನು ಅಂಪೈರು ಕ್ಯಾಚ್ ಔಟ್ ಅಂತ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್ ಅವರಿಗೆ ಅನ್ನಿಸಿತು. ಹೋಗುತ್ತಿದ್ದವರನ್ನು ವಾಪಸ್ಸು ಕರೆಸಿ ಆಡಿಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ನು ಸೇರಿಸಿದರು, ಭಾರತ 10 ವಿಕೆಟ್ಟಿನಿಂದ ಸೋತಿತು. ಆ ಸೋಲಿನ ಅಂಕೆಸಂಖ್ಯೆ ಎಷ್ಟು ಜನರಿಗೆ ನೆನಪಿದೆ? ಆದರೆ ವಿಶ್ವನಾಥ್ ಕರೆದಿದ್ದು ಇವತ್ತಿಗೂ ನೆನಪಿದೆ. ನಾವೆಲ್ಲ ಗೆದ್ದೆತ್ತಿನ ಬಾಲ ಹಿಡಿಯುವ ಜನ ಅಂತಾರೆ. ಸೋತರೂ ಜನ ಮರೆಯದ ಆಟ ಒಂದಿದೆ ಅಂತ ನಮ್ಮ ಕನ್ನಡಿಗರೇ ತೋರಿಸಿಕೊಟ್ಟಿದ್ದಾರೆ.

ಸಹಕಾರ ಸಂಘಕ್ಕೂ ಮಕ್ಕಳ ಆಟಕ್ಕೂ ಏನು ಸಂಬಂಧ ಅಂತೀರಾ? 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಸಹಕಾರದ ಬೇರು ಯಾವುದು? ಹತ್ತು ಷೇರು ಇದ್ದವರಿಗೂ ಒಂದೇ ಓಟು, ನೂರು ಷೇರು ಇದ್ದವರಿಗೂ ಒಂದೇ ಓಟು. ದೊಡ್ಡವನು ಚಿಕ್ಕವನು ಅಂತ ಇಲ್ಲ. ಮಹಾಸಭೆಯಲ್ಲಿ ಒಂದು ನ್ಯಾಯ, ಮಕ್ಕಳ ಮೈದಾನದಲ್ಲಿ ಇನ್ನೊಂದು ನ್ಯಾಯ ಅಂದರೆ ಹೇಗೆ? ಪ್ರತಿ ಸದಸ್ಯನಿಗೂ ಒಂದು ಓಟು, ಪ್ರತಿ ಮಗುವಿಗೂ ಒಂದು ಸರದಿ. ಇದೇ ನಮ್ಮ ಸಂಘಕ್ಕೆ ಒಪ್ಪುವ ಪಂದ್ಯಾವಳಿ.

ಆದ್ದರಿಂದ ನನ್ನ ಸಲಹೆಗಳನ್ನು ತಮ್ಮ ಮುಂದೆ ಇಡ್ತೀನಿ.

ಒಂದು: ಪಂದ್ಯಾವಳಿ ಗುಂಪು ಪದ್ಧತಿಯಲ್ಲಿ ನಡೆಯಲಿ, ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ.

ಎರಡು: ಪಟ್ಟಿಯಲ್ಲಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಒಂದು ಅವಧಿ ಆಡಲಿ.

ಮೂರು: ನಗದು ಬಹುಮಾನ ಬೇಡ. ಗೆದ್ದ ತಂಡಕ್ಕೆ ಒಂದು ಪರ್ಯಾಯ ಫಲಕ ಇರಲಿ, ಜನ ಚಪ್ಪಾಳೆ ತಟ್ಟಲಿ. ಲೆಕ್ಕ ನೋಡಿ, 16 ತಂಡಕ್ಕೆ 12ರಂತೆ 192 ಮಕ್ಕಳು. 75 ಸಾವಿರವನ್ನು ಎರಡು ತಂಡಕ್ಕೆ ಕೊಟ್ಟರೆ ಸಿಗೋದು 24 ಮಕ್ಕಳಿಗೆ, ಬರಿಗೈಲಿ ಹೋಗೋದು 168 ಮಕ್ಕಳು. ಅದೇ ಹಣ ಎಲ್ಲರಿಗೂ ಹಂಚಿದರೆ ಮಗುವಿಗೆ ಸುಮಾರು 390 ರೂಪಾಯಿ ಬರುತ್ತೆ. ಅದರಲ್ಲಿ ಒಂದು ಬನಿಯನ್ನು, ಉಪ್ಪಿಟ್ಟು, ಬಾಳೆಹಣ್ಣು, ಮಜ್ಜಿಗೆ, ಪ್ರಶಸ್ತಿಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಷ್ಟನ್ನೂ ತೂಗಿಸಬಹುದು.

ನಾಲ್ಕು: ಹೆಣ್ಣುಮಕ್ಕಳಿಗೆ ಪ್ರತ್ಯೇಕ ಖೋಖೋ ಇಡೋಣ. ಏಳನೇ ಕ್ಲಾಸು ದಾಟುತ್ತಿದ್ದ ಹಾಗೆ ನಮ್ಮ ಹೆಣ್ಣುಮಕ್ಕಳು ಮೈದಾನದಿಂದ ಮಾಯವಾಗ್ತಾರೆ. ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಶೌಚಾಲಯ, ಜೊತೆಗೆ ಇಬ್ಬರು ತಾಯಂದಿರು ಇದ್ದರೆ ಎಷ್ಟೋ ಜನ ಕಳಿಸ್ತಾರೆ.

ಐದು: ಗೆರೆಯಾಚೆ ನಿಂತು ಕೂಗುವ ದೊಡ್ಡವರಿಗೂ ಒಂದು ನಿಯಮ ಇರಲಿ. ಚಪ್ಪಾಳೆಗೆ ಅಡ್ಡಿಯಿಲ್ಲ, ಅಂಪೈರನ್ನು ಬೈಯೋದು, ಮಗುವನ್ನು ಎಲ್ಲರೆದುರು ಹೀಯಾಳಿಸೋದು ಇಲ್ಲ.

ತಂದೆತಾಯಿಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಮಗು ಆಡಿ ಮನೆಗೆ ಬಂದಾಗ ನಾವು ಮೊದಲು ಕೇಳೋದು "ಗೆದ್ರಾ? ಎಷ್ಟು ಪಾಯಿಂಟು ತಂದೆ?" ಅಂತ. ಅದರ ಬದಲು "ಆಟ ಹೆಂಗಿತ್ತು ಮಗ?" ಅಂತ ಕೇಳಿ ನೋಡಿ. ಗೆದ್ದಿದ್ದರೆ ಅದೇ ಹೇಳುತ್ತೆ. ಸೋತಿದ್ದರೂ ಹೇಳಿಕೊಳ್ಳೋಕೆ ಏನಾದರೂ ಇರುತ್ತೆ, ಯಾರನ್ನು ಹಿಡಿದೆ, ಎಲ್ಲಿ ಜಾರಿದೆ ಅಂತ. ಊಟಕ್ಕೆ ಕೂತಾಗ ಆ ಮಾತು ಮುಂದುವರಿದರೆ ಮರುದಿನ ಬೆಳಿಗ್ಗೆ ಮಗು ತಾನಾಗೇ ಎದ್ದು ಆಟಕ್ಕೆ ಹೊರಡುತ್ತೆ.

ಈ ಐದು ಸಲಹೆಗಳನ್ನು ಸಭೆಯ ಮುಂದೆ ಇಟ್ಟಿದ್ದೇನೆ. ಚರ್ಚೆ ಮಾಡಿ, ತಿದ್ದುವುದಿದ್ದರೆ ತಿದ್ದಿ, ಸರಿ ಕಂಡರೆ ಕೈಯೆತ್ತಿ ಒಪ್ಪಿಗೆ ಕೊಡಿ. 

ಜೈ ಸಹಕಾರ, ಜೈ ಕರ್ನಾಟಕ.